ಮೊಟ್ಟೆ ಯಾಕೆ ಮರಿಯಾಗಲಿಲ್ಲ? ಮನೆ ಇನ್‌ಕ್ಯುಬೇಟರಿನ ದೋಷ ಹುಡುಕುವ ಕೈಪಿಡಿ

ಮೊಟ್ಟೆ ಇಟ್ಟು 21 ದಿನ ಆಯಿತು. ಒಂದೂ ಮರಿ ಬರಲಿಲ್ಲ, ಅಥವಾ ಇಪ್ಪತ್ತರಲ್ಲಿ ಎರಡೋ ಮೂರೋ ಬಂದವು. ಆಗ ಎಲ್ಲರ ಕೈ ಮೊದಲು ಹೋಗುವುದು ಥರ್ಮೋಸ್ಟಾಟ್ ಕಡೆಗೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಒಳಗಿನ ಮರಿ ಎಷ್ಟನೇ ದಿನಕ್ಕೆ ಸತ್ತಿತು ಅನ್ನೋದನ್ನು ಮೊದಲು ಕಂಡುಕೊಳ್ಳಿ. ಮೊದಲ ವಾರದಲ್ಲಿ ಸತ್ತಿದ್ದರೆ ಹುಡುಕಬೇಕಾದ ಜಾಗವೇ ಬೇರೆ, ಕೊನೆಯ ಮೂರು ದಿನದಲ್ಲಿ ಸತ್ತಿದ್ದರೆ ಬೇರೆ. ದಿನ ಗೊತ್ತಿಲ್ಲದೆ ಕಾವು ಏರಿಸಿ ಇಳಿಸಿದರೆ ಮುಂದಿನ ಸಲದ ಮೊಟ್ಟೆಗಳೂ ಹಾಳಾಗುತ್ತವೆ.

ಯಲಹಂಕ, ಕೆಂಗೇರಿ, ಆನೇಕಲ್ ಕಡೆ ಹಿತ್ತಲಲ್ಲೋ ಟೆರೇಸಿನಲ್ಲೋ ನಾಲ್ಕು ನಾಟಿ ಕೋಳಿ ಸಾಕಿಕೊಂಡು, ಥರ್ಮಾಕೋಲ್ ಡಬ್ಬದಲ್ಲಿ ಅಥವಾ ಆನ್‌ಲೈನಿನಲ್ಲಿ ತರಿಸಿದ ಚಿಕ್ಕ ಇನ್‌ಕ್ಯುಬೇಟರಿನಲ್ಲಿ ಮರಿ ಮಾಡಿಸುವವರಿಗೆ ಇದನ್ನು ಬರೆದಿದ್ದೇನೆ. ಅಂಕಿಗಳೆಲ್ಲ ಕೋಳಿ ಮೊಟ್ಟೆಯವು. ಬಾತು 28 ದಿನ ತೆಗೆದುಕೊಳ್ಳುತ್ತದೆ, ಜಪಾನಿ ಕ್ವೇಲ್ 17ರಿಂದ 18 ದಿನ. ಅವುಗಳಲ್ಲೂ ದೋಷ ಹುಡುಕುವ ದಾರಿ ಇದೇ.

ಸರಿ ಇದ್ದರೆ ಹೇಗಿರಬೇಕು

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಕಾವು 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38.3ರಿಂದ 38.9. ತೇವಾಂಶ ಮೊದಲ 18 ದಿನ ಶೇ 50ರಿಂದ 55, ಕೊನೆಯ ಮೂರು ದಿನ ಶೇ 65ರಿಂದ 70. ಮೊಟ್ಟೆಯನ್ನು ದಿನಕ್ಕೆ ಕನಿಷ್ಠ ಮೂರು ಸಲ ತಿರುಗಿಸಬೇಕು, ಐದು ಸಲ ಆದರೆ ಇನ್ನೂ ಒಳ್ಳೆಯದು. 18ನೇ ದಿನಕ್ಕೆ ತಿರುಗಿಸುವುದನ್ನು ನಿಲ್ಲಿಸಬೇಕು.

ದಿನದ ಲೆಕ್ಕದಲ್ಲೇ ಎಷ್ಟೋ ಜನ ಎಡವುತ್ತಾರೆ. ಶನಿವಾರ ಸಂಜೆ ಇಟ್ಟರೆ ಭಾನುವಾರ ಸಂಜೆಗೆ ಒಂದು ದಿನ. ಹಾಗೆ ಎಣಿಸಿದರೆ ಮೂರು ವಾರ ಬಿಟ್ಟು ಬರುವ ಶನಿವಾರ ಸಂಜೆಗೆ 21 ಆಗುತ್ತದೆ. ಇಟ್ಟ ದಿನವನ್ನೇ ಒಂದು ಅಂತ ಎಣಿಸಿ, "ಮರಿ ತಡ ಆಯ್ತು" ಎಂದು ಗಾಬರಿಯಾಗಿ ಮುಚ್ಚಳ ತೆಗೆಯಬೇಡಿ.

ಟಾರ್ಚ್ ಹಿಡಿದು ನೋಡುವುದು

ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ. ಮೊಬೈಲ್ ಟಾರ್ಚ್ ಸಾಕು, ಚಿಕ್ಕ ಎಲ್‌ಇಡಿ ಟಾರ್ಚ್ ಇದ್ದರೆ ಇನ್ನೂ ಅನುಕೂಲ. ರಟ್ಟಿನ ಚೂರಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿ ಟಾರ್ಚಿನ ಮೇಲೆ ಇಡಿ. ರೂಮಿನ ದೀಪ ಆರಿಸಿ. ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಒತ್ತಿ ಹಿಡಿದು ನಿಧಾನವಾಗಿ ತಿರುಗಿಸಿ.

ಏಳನೇ ದಿನ ಜೀವ ಇರುವ ಮೊಟ್ಟೆಯನ್ನು ಒಂದು ಸಲ ಕಂಡರೆ ಮರೆಯುವುದಿಲ್ಲ. ಚಿಪ್ಪಿನ ಒಳಗೆಲ್ಲ ಕಿತ್ತಳೆ ಬೆಳಕು ತುಂಬಿರುತ್ತದೆ. ಅದರ ನಡುವೆ ಕೂದಲೆಳೆಯಂಥ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿರುತ್ತವೆ. ನಡುವಿನಲ್ಲಿ ಒಂದು ಕಪ್ಪು ಚುಕ್ಕೆ, ಅದು ಕಣ್ಣು. ಅಲ್ಲಾಡಿಸದೆ ಕೆಲವು ಸೆಕೆಂಡ್ ಹಿಡಿದರೆ ಆ ಚುಕ್ಕೆ ತಾನಾಗಿ ಮಿಸುಕುತ್ತದೆ. 14ನೇ ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಭಾಗ ಕಪ್ಪಾಗಿರುತ್ತದೆ. 18ಕ್ಕೆ ದಪ್ಪ ತುದಿಯ ಗಾಳಿ ಕೋಣೆ ಬಿಟ್ಟು ಉಳಿದದ್ದೆಲ್ಲ ಕಪ್ಪು.

7, 14, 18 – ಈ ಮೂರು ದಿನ ನೋಡಿದರೆ ಸಾಕು. ದಿನಾ ನೋಡುವ ಆಸೆ ಆಗುತ್ತದೆ ನಿಜ, ಆದರೆ ಪ್ರತಿ ಸಲವೂ ಮೊಟ್ಟೆ ತಣ್ಣಗಾಗುತ್ತದೆ. ಒಂದೊಂದನ್ನೇ ತೆಗೆದು ನೋಡಿ, ತಕ್ಷಣ ವಾಪಸ್ ಇಡಿ. ನಂಬರು ಮತ್ತು ಗುರುತು ಪೆನ್ಸಿಲಿನಲ್ಲಿ ಹಾಕಿ. ಮಾರ್ಕರ್ ಬೇಡ, ಚಿಪ್ಪಿನಲ್ಲಿ ಉಸಿರಾಟದ ಸಣ್ಣ ತೂತುಗಳಿವೆ.

ಏಳನೇ ದಿನವೂ ಮೊಟ್ಟೆ ಖಾಲಿ, ನರವೇ ಇಲ್ಲ

ಎಲ್ಲ ಮೊಟ್ಟೆಗಳೂ ಹೀಗಿದ್ದರೆ ಪೆಟ್ಟಿಗೆಯನ್ನು ಬಯ್ಯಬೇಡಿ. ಬಹುಪಾಲು ಅವು ಹುಂಜ ಸೇರದ ಮೊಟ್ಟೆಗಳು. ಅಂಗಡಿಯ ಫಾರಂ ಮೊಟ್ಟೆ ಎಂದೂ ಮರಿಯಾಗುವುದಿಲ್ಲ, ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಚಿಪ್ಪು ಕಂದು ಇದ್ದ ಮಾತ್ರಕ್ಕೆ ಅದು ನಾಟಿಯೂ ಅಲ್ಲ, ಬೀಜ ಕಟ್ಟಿದ್ದೂ ಅಲ್ಲ. ಮೊಟ್ಟೆ ಕೊಡುವವರನ್ನು "ಅಕ್ಕಾ, ಹುಂಜ ಜೊತೆಗೇ ಮೇಯುತ್ತಾ?" ಅಂತ ಬಾಯಿ ಬಿಟ್ಟು ಕೇಳಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹುಂಜವನ್ನು ಬೇರೆ ಮಾಡಿದ ಮೇಲೂ ಹತ್ತು ಹನ್ನೆರಡು ದಿನ ಬೀಜದ ಮೊಟ್ಟೆ ಬರಬಹುದು. ಆಮೇಲೆ ನಂಬಬೇಡಿ.

ಹುಂಜ ಇದೆ, ಆದರೂ ಅರ್ಧಕ್ಕರ್ಧ ಖಾಲಿ ಅಂದರೆ ಮೊಟ್ಟೆ ಕೂಡಿಟ್ಟ ರೀತಿ ನೋಡಿ. ಏಳು ದಿನದೊಳಗಿನ ಮೊಟ್ಟೆ ಒಳ್ಳೆಯದು, ಎರಡು ವಾರ ದಾಟಿದ್ದು ಬೇಡ. ಇಡಬೇಕಾದ್ದು 15ರಿಂದ 18 ಡಿಗ್ರಿ ತಂಪಿನಲ್ಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿ ಇದು ತಾನಾಗಿ ಸಿಗುತ್ತದೆ. ಏಪ್ರಿಲ್‌ನಲ್ಲಿ ಅಡುಗೆಮನೆ ಶೆಲ್ಫಿನ ಮೇಲೆ 33 ಡಿಗ್ರಿ ಇರುತ್ತದೆ. ಅಷ್ಟು ಬಿಸಿಯಲ್ಲಿ ಒಳಗಿನ ಜೀವ ಅರೆಬರೆ ಬೆಳೆಯಲು ಶುರು ಮಾಡಿ ಸೋತು ಸಾಯುತ್ತದೆ. ಟಾರ್ಚಿಗೆ ಅದು ಖಾಲಿ ಮೊಟ್ಟೆಯ ಹಾಗೇ ಕಾಣುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕಿಂತ ಜಾಸ್ತಿ ಕೂಡಿಡದಿರುವುದೇ ಸುಲಭದ ಪರಿಹಾರ.

ಬೈಕಿನಲ್ಲೋ ಬಸ್ಸಿನಲ್ಲೋ ದೂರದಿಂದ ತಂದ ಮೊಟ್ಟೆಯಾದರೆ ಚೂಪು ತುದಿ ಕೆಳಗೆ ಮಾಡಿ 12ರಿಂದ 24 ಗಂಟೆ ಸುಮ್ನೆ ಇಡಿ, ಆಮೇಲೆ ಕಾವಿಗೆ ಹಾಕಿ.

ಒಳಗೆ ಕೆಂಪು ಉಂಗುರ ಕಾಣುತ್ತಿದೆ

ನರಗಳಿಲ್ಲ, ಬದಲಿಗೆ ಒಂದು ತೆಳು ರಕ್ತದ ಗೆರೆ ಸುತ್ತು ಹಾಕಿದೆ. ಮರಿ ಮೊದಲ ವಾರದಲ್ಲಿ ಬೆಳೆದು ಸತ್ತಿದೆ ಅಂತ ಅರ್ಥ. ಒಂದೆರಡು ಮೊಟ್ಟೆ ಹೀಗಾದರೆ ಚಿಂತೆ ಬೇಡ. ಕೋಳಿಯೇ ಕಾವಿಗೆ ಕೂತಾಗಲೂ ಮೊದಲ ವಾರ ಮತ್ತು ಕೊನೆಯ ಮೂರು ದಿನ ಸಾವು ಜಾಸ್ತಿ. ಕಾಲು ಭಾಗ ಮೊಟ್ಟೆಯಲ್ಲಿ ಉಂಗುರ ಕಂಡರೆ ಮಾತ್ರ ತಪ್ಪು ಹುಡುಕಿ. ನನ್ನ ಅನುಭವದಲ್ಲಿ ಅದು ಹೆಚ್ಚಿನ ಸಲ ಸುಳ್ಳು ಹೇಳುವ ಥರ್ಮಾಮೀಟರೇ ಆಗಿರುತ್ತದೆ.

ಪರೀಕ್ಷಿಸುವುದು ಹೀಗೆ. ಮನೆಯಲ್ಲಿರುವ ಜ್ವರದ ಡಿಜಿಟಲ್ ಥರ್ಮಾಮೀಟರ್ ತನ್ನಿ. ನಮಗೆ ಬೇಕಾದ 37-38 ಡಿಗ್ರಿ ಆಸುಪಾಸಿನಲ್ಲೇ ಅದು ನಿಖರ. ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ಅದರ ತುದಿಯನ್ನೂ ಇನ್‌ಕ್ಯುಬೇಟರಿನ ಸೆನ್ಸರ್ ತುದಿಯನ್ನೂ ಅಕ್ಕಪಕ್ಕ ಹಿಡಿದು, ನೀರು ಕಲಕುತ್ತಾ ಎರಡರ ಅಂಕಿ ಬರೆದುಕೊಳ್ಳಿ. ನೀರು ಕೈಗೆ ಸುಡುವಷ್ಟು ಬಿಸಿ ಬೇಡ. ಸೆನ್ಸರ್ ತುದಿ ಲೋಹದ ಕೊಳವೆಯಲ್ಲಿ ಮುಚ್ಚಿರದಿದ್ದರೆ ನೀರಿಗೆ ಹಾಕಬೇಡಿ, ಎರಡನ್ನೂ ಪೆಟ್ಟಿಗೆಯೊಳಗೇ ಪಕ್ಕಪಕ್ಕ ಇಟ್ಟು ಹೋಲಿಸಿ. ಅರ್ಧ ಡಿಗ್ರಿ ವ್ಯತ್ಯಾಸ ಬಂದರೂ ಅದೇ ನಿಮ್ಮ ದೋಷ. ಕೆಲವರು ಕುದಿಯುವ ನೀರಲ್ಲಿ ಅದ್ದಿ 100 ಬರುತ್ತದಾ ನೋಡುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಆ ಪರೀಕ್ಷೆ ನಂಬಿ ಸರಿಯಾದ ಥರ್ಮಾಮೀಟರನ್ನೇ ಕೆಟ್ಟಿದೆ ಅಂದುಕೊಳ್ಳಬೇಡಿ.

ಆಮೇಲೆ ಸೆನ್ಸರ್ ಎಲ್ಲಿದೆ ನೋಡಿ. ಫ್ಯಾನ್ ಇಲ್ಲದ ಡಬ್ಬದಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಸೆನ್ಸರ್ ಮುಚ್ಚಳದ ಹತ್ತಿರ ಅಂಟಿಸಿದ್ದರೆ ಅಲ್ಲಿ 38 ಇರುವಾಗ ಮೊಟ್ಟೆಯ ಮಟ್ಟದಲ್ಲಿ 36 ಇರಬಹುದು. ಸೆನ್ಸರ್ ತುದಿ ಮೊಟ್ಟೆಗಳ ಮೇಲ್ಭಾಗದ ಎತ್ತರಕ್ಕೆ ಬರಬೇಕು, ಬಲ್ಬಿಗೂ ಗೋಡೆಗೂ ತಾಗಬಾರದು.

ಇದೆಲ್ಲ ಸರಿ ಇದ್ದೂ ಉಂಗುರ ಬರುತ್ತಿದ್ದರೆ ತೊಳೆದ ಮೊಟ್ಟೆ ಇಟ್ಟಿದ್ದೀರಾ ನೋಡಿ. ಚಿಪ್ಪಿನ ಮೇಲಿನ ತೆಳು ಪೊರೆ ತೊಳೆದುಹೋದರೆ ಕೊಳೆ ಒಳಗೆ ನುಗ್ಗುತ್ತದೆ. ಹಿಕ್ಕೆ ಅಂಟಿದ ಮೊಟ್ಟೆಯನ್ನು ತೊಳೆದು ಇಡುವುದಕ್ಕಿಂತ ಬಿಟ್ಟುಬಿಡುವುದೇ ವಾಸಿ.

ಕಾವು ನಿಲ್ಲುತ್ತಿಲ್ಲ, ಏರಿಳಿತ ಜಾಸ್ತಿ

ಮೊದಲು ಜಾಗ ಬದಲಿಸಿ. ಕಿಟಕಿ ಪಕ್ಕ, ಬಾಲ್ಕನಿ, ಶೀಟು ಹೊದಿಸಿದ ಟೆರೇಸ್ ರೂಮು – ಇವು ಬೇಡವೇ ಬೇಡ. ಜನವರಿಯಲ್ಲಿ ಬೆಳಗಿನ ಜಾವ 15 ಡಿಗ್ರಿ, ಮಧ್ಯಾಹ್ನ 28. ಚಿಕ್ಕ ಪೆಟ್ಟಿಗೆಗೆ ಅಷ್ಟು ವ್ಯತ್ಯಾಸ ತಡೆಯುವ ಶಕ್ತಿ ಇಲ್ಲ. ಮನೆಯ ನಡುವಿನ ರೂಮು ಒಳ್ಳೆಯದು.

ಆಮೇಲೆ ಬಲ್ಬ್. ಕೆಟ್ಟ ಬಲ್ಬಿನ ಜಾಗಕ್ಕೆ ಯಾರೋ ಎಲ್‌ಇಡಿ ಹಾಕಿರುತ್ತಾರೆ. ಬೆಳಕು ಚೆನ್ನಾಗಿ ಬರುತ್ತದೆ, ಕಾವು ಬರುವುದಿಲ್ಲ. ಹಳೆಯ ಫಿಲಮೆಂಟ್ ಬಲ್ಬೇ ಬೇಕು, ಇಲ್ಲವೇ ಸೆರಾಮಿಕ್ ಹೀಟರ್. 60 ವ್ಯಾಟಿನ ಒಂದು ಬಲ್ಬಿಗಿಂತ 40ರ ಎರಡು ಹಾಕುವುದು ಜಾಣತನ. ರಾತ್ರಿ ಒಂದು ಸುಟ್ಟರೂ ಇನ್ನೊಂದು ಬೆಳಗಿನವರೆಗೆ ಮೊಟ್ಟೆ ಕಾಯುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ, ಕಾವು ನೋಡಿ ಬಲ್ಬ್ ಆನ್ ಆಫ್ ಮಾಡುವ ಚಿಕ್ಕ ಕಂಟ್ರೋಲರ್ ಬೋರ್ಡ್ ಹಾಕಿಕೊಂಡಿದ್ದರೆ ಅದರ ಸೆಟ್ಟಿಂಗ್ ನೋಡಿ. ಎಷ್ಟು ಡಿಗ್ರಿ ಇಳಿದ ಮೇಲೆ ಮತ್ತೆ ಆನ್ ಆಗಬೇಕು ಅನ್ನುವ ಅಂತರ ಎಷ್ಟೋ ಬೋರ್ಡುಗಳಲ್ಲಿ 2 ಡಿಗ್ರಿ ಇಟ್ಟೇ ಬಂದಿರುತ್ತದೆ. ಅದನ್ನು 0.3 ಅಥವಾ 0.5ಕ್ಕೆ ಇಳಿಸಿದರೆ ಅರ್ಧ ತೊಂದರೆ ಮುಗಿಯಿತು.

ನೀವು ಇಟ್ಟ ಅಂಕಿ ದಾಟಿ ಕಾವು ಏರುತ್ತಿದ್ದರೂ ಬಲ್ಬ್ ಆರದಿದ್ದರೆ ರಿಲೇ, ಅಂದರೆ ಬೋರ್ಡಿನಲ್ಲಿ ಬಲ್ಬನ್ನು ಆನ್ ಆಫ್ ಮಾಡುವ ಸ್ವಿಚ್, ಅಂಟಿಕೊಂಡಿದೆ. ತಕ್ಷಣ ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಬೋರ್ಡ್ ತಟ್ಟಿ ಸರಿಮಾಡಲು ಹೋಗಬೇಡಿ, ಹೊಸ ರಿಲೇ ಅಥವಾ ಹೊಸ ಬೋರ್ಡ್ ಹಾಕಿಸಿ. ತಂಪಿಗಿಂತ ಬಿಸಿಯೇ ಮೊಟ್ಟೆಗೆ ಶತ್ರು. 35 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಇದ್ದರೆ ಮರಿಯ ಬೆಳವಣಿಗೆ ನಿಧಾನ ಆಗುತ್ತದೆ ಅಷ್ಟೇ. 40.5 ಡಿಗ್ರಿಯಲ್ಲಿ ಹದಿನೈದು ನಿಮಿಷ ಇದ್ದರೂ ಪೆಟ್ಟು ಬೀಳುತ್ತದೆ.

*ಎಚ್ಚರ:* ನೀರಿನ ತಟ್ಟೆ, 230 ವೋಲ್ಟ್ ವಯರು, ಥರ್ಮಾಕೋಲ್ – ಮೂರೂ ಒಂದೇ ಡಬ್ಬದಲ್ಲಿವೆ. ಒಳಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಪ್ಲಗ್ ತೆಗೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಇರುವ ಸಾಕೆಟ್, ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇರಬೇಕು. ಬಲ್ಬ್ ಥರ್ಮಾಕೋಲಿಗೆ ತಾಗದಂತೆ ತಂತಿ ಬಲೆ ಕಟ್ಟಿ. ಸುಟ್ಟ ವಾಸನೆ ಬಂದರೆ, ವಯರು ಮೆತ್ತಗಾಗಿದ್ದರೆ, ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಆ ಮೊಟ್ಟೆಗಳು ಹೋದರೂ ಪರವಾಗಿಲ್ಲ.

ಕರೆಂಟ್ ಹೋಯಿತು

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ನಮ್ಮೂರಿಗೆ ಹೊಸದಲ್ಲ. ಮುಚ್ಚಳ ತೆಗೆಯಬೇಡಿ. ಪೆಟ್ಟಿಗೆ ಮೇಲೆ ಕಂಬಳಿ ಹೊದಿಸಿ, ಗಾಳಿ ತೂತು ಮಾತ್ರ ಮುಚ್ಚಬೇಡಿ. ಎರಡು ಮೂರು ಗಂಟೆ ಹೀಗೆ ಕಳೆಯಬಹುದು. ಇನ್ನೂ ಜಾಸ್ತಿ ಆದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಳಗೆ ಇಡಿ, ಮೊಟ್ಟೆಗೆ ತಾಗಿಸಬೇಡಿ. ಮನೆಯ ಯುಪಿಎಸ್ ಲೈನಿಗೆ ಪೆಟ್ಟಿಗೆ ಸೇರಿಸಿಕೊಂಡರೆ ಈ ತಲೆನೋವೇ ಇಲ್ಲ, ಎರಡು ಬಲ್ಬಿನ ಭಾರ ಅದಕ್ಕೆ ಏನೂ ಅಲ್ಲ. ಕರೆಂಟ್ ಹೋಗಿದ್ದ ಮೊಟ್ಟೆಗಳನ್ನು ಅವತ್ತೇ ಬಿಸಾಡಬೇಡಿ. ಮೂರು ನಾಲ್ಕು ದಿನ ಬಿಟ್ಟು ಟಾರ್ಚ್ ಹಿಡಿದು ನೋಡಿ, ಆಗ ಗೊತ್ತಾಗುತ್ತದೆ.

8ರಿಂದ 17ನೇ ದಿನದ ನಡುವೆ ಬೆಳವಣಿಗೆ ನಿಂತಿದೆ

ಇದು ಕಡಿಮೆ. ತಿರುಗಿಸುವುದು ತಪ್ಪಿದೆಯಾ ನೋಡಿ. ತಾನಾಗಿ ತಿರುಗಿಸುವ ಟ್ರೇ ಇದ್ದರೂ ಪೆನ್ಸಿಲ್ ಗುರುತು ನಿಜವಾಗಿ ಜಾಗ ಬದಲಿಸುತ್ತಿದೆಯಾ ಕಣ್ಣಾರೆ ನೋಡಬೇಕು. ಮೋಟರ್ ಸದ್ದು ಮಾಡುತ್ತಿದ್ದರೂ ಗೇರ್ ಜಾರಿರಬಹುದು. ಅದು ಸರಿ ಇದ್ದರೆ ತಾಯಿ ಕೋಳಿಯ ಮೇವು ಕಾರಣ ಇರಬಹುದು. ಅನ್ನ, ರಾಗಿ, ಅಡುಗೆಮನೆ ಉಳಿಕೆ ಮಾತ್ರ ತಿನ್ನುವ ಹೇಂಟೆಗೆ ಜೀವಸತ್ವ ಕಡಿಮೆ ಬೀಳುತ್ತದೆ, ಅದರಲ್ಲೂ ರಿಬೋಫ್ಲೇವಿನ್ (ವಿಟಮಿನ್ ಬಿ2). ಬ್ರೀಡರ್ ಮೇವು (ಮರಿ ಮಾಡಿಸುವ ಕೋಳಿಗೆಂದೇ ಸಿಗುವ ಮೇವು) ಮತ್ತು ಸೊಪ್ಪು ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಮೊಟ್ಟೆ ಇಡಿ.

ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿದೆ

ಮನಸ್ಸಿಗೆ ತುಂಬಾ ನೋವು ಕೊಡುವ ದೋಷ ಇದು. 18ನೇ ದಿನ ಎಲ್ಲ ಚೆನ್ನಾಗಿತ್ತು, 21ಕ್ಕೆ ಸದ್ದಿಲ್ಲ. ಇಲ್ಲಿ ಮೊದಲು ಅನುಮಾನಿಸಬೇಕಾದ್ದು ತೇವಾಂಶ.

18 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇ 11ರಿಂದ 13ರಷ್ಟು ನೀರನ್ನು ಆವಿಯಾಗಿ ಕಳೆದುಕೊಳ್ಳಬೇಕು. ಕಡಿಮೆ ಕಳೆದುಕೊಂಡರೆ ಗಾಳಿ ಕೋಣೆ ಚಿಕ್ಕದಾಗಿ, ಮರಿ ಉಬ್ಬಿ, ತಿರುಗಲು ಜಾಗ ಇಲ್ಲದೆ ಉಸಿರು ಕಟ್ಟುತ್ತದೆ. ಜಾಸ್ತಿ ಕಳೆದುಕೊಂಡರೆ ಗಾಳಿ ಕೋಣೆ ದೊಡ್ಡದಾಗಿ, ಮರಿ ಸೊರಗಿ, ಒಳಪೊರೆ ಒಣಗಿ ಮೈಗೆ ಅಂಟುತ್ತದೆ.

ತೇವಾಂಶದ ಮೀಟರಿಗಿಂತ ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನೇ ಹೆಚ್ಚು ನಂಬುತ್ತೇನೆ. ಹತ್ತು ಮೊಟ್ಟೆ ಒಟ್ಟಿಗೆ ತೂಗಿ. ಇಟ್ಟ ದಿನ 500 ಗ್ರಾಂ ಇದ್ದರೆ ಏಳನೇ ದಿನಕ್ಕೆ 477ರ ಆಸುಪಾಸು, 18ನೇ ದಿನಕ್ಕೆ 440ರ ಆಸುಪಾಸು ಬರಬೇಕು. ಏಳನೇ ದಿನ 485 ಇದ್ದರೆ ತೇವ ಜಾಸ್ತಿ, ನೀರಿನ ತಟ್ಟೆ ಚಿಕ್ಕದು ಮಾಡಿ. 465 ಇದ್ದರೆ ಒಣಗುತ್ತಿದೆ, ತಟ್ಟೆ ಅಗಲ ಮಾಡಿ. ನೀರಿನ ಆಳದಿಂದ ತೇವ ಹೆಚ್ಚುವುದಿಲ್ಲ, ಅಗಲದಿಂದ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ವರ್ಷವಿಡೀ ಒಂದೇ ಅಳತೆಯ ನೀರು ಇಟ್ಟರೆ ಆಗುವುದಿಲ್ಲ. ಆಗಸ್ಟಿನಲ್ಲಿ ಹೊರಗಿನ ಗಾಳಿ 24 ಡಿಗ್ರಿ, ತೇವ ಶೇ 85 ಅಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಬಿಸಿಯಾದರೆ, ನೀರೇ ಇಡದಿದ್ದರೂ ತೇವ ಶೇ 40ರಷ್ಟು ಇರುತ್ತದೆ. ಮಾರ್ಚ್ ಮಧ್ಯಾಹ್ನ ಹೊರಗೆ 33 ಡಿಗ್ರಿ, ತೇವ ಶೇ 25 ಇದ್ದರೆ ಒಳಗೆ ಶೇ 20 ಮಾತ್ರ. ಮಳೆಗಾಲದಲ್ಲಿ ಒಂದು ಬಟ್ಟಲು ಸಾಕಾಗುವ ಪೆಟ್ಟಿಗೆಗೆ ಬೇಸಿಗೆಯಲ್ಲಿ ಅಗಲ ತಟ್ಟೆಯ ಜೊತೆಗೆ ಒದ್ದೆ ಸ್ಪಂಜೂ ಬೇಕಾಗಬಹುದು.

ಮೀಟರನ್ನೂ ಪರೀಕ್ಷಿಸಬಹುದು. ಚಿಕ್ಕ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತೆ ಆಗುವಷ್ಟು ನೀರು ಬೆರೆಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬದಲ್ಲಿ ಇಡೀ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ಅದು 68 ತೋರಿಸಿದರೆ 7 ಕೂಡಿಸಿಕೊಂಡು ಓದಿ.

ತೂಕ ಸರಿ ಇದ್ದೂ ಸತ್ತಿದ್ದರೆ ಗಾಳಿ ತೂತು ನೋಡಿ. ಕಾವು ಉಳಿಸಲು ತೂತಿಗೆ ಟೇಪ್ ಅಂಟಿಸುವವರಿದ್ದಾರೆ. ಕೊನೆಯ ದಿನಗಳಲ್ಲಿ ಮರಿಗೆ ಗಾಳಿ ಬಹಳ ಬೇಕು, ಎಲ್ಲ ತೂತನ್ನೂ ಬಿಡಿಸಿ. ಮರಿಯ ತಲೆ ಚೂಪು ತುದಿಯಲ್ಲಿ ಸಿಕ್ಕಿದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿರುವ ಸಾಧ್ಯತೆ ಹೆಚ್ಚು. ನಿಲ್ಲಿಸಿ ಇಡುವ ಟ್ರೇಯಲ್ಲಿ ಚೂಪು ತುದಿ ಯಾವಾಗಲೂ ಕೆಳಗೆ.

ಚಿಪ್ಪು ಒಡೆದಿದೆ, ಮರಿ ಹೊರಗೆ ಬರುತ್ತಿಲ್ಲ

ಕಾಯಿರಿ. ಮೊದಲ ತೂತು ಮಾಡಿ 12ರಿಂದ 24 ಗಂಟೆ ಮರಿ ಸುಮ್ಮನಿರುವುದು ಸಹಜ. ಆ ಹೊತ್ತಿನಲ್ಲಿ ಅದು ಚಿಪ್ಪಿನ ನರಗಳ ರಕ್ತವನ್ನೂ ಉಳಿದ ಹಳದಿಯನ್ನೂ ಮೈಗೆ ಎಳೆದುಕೊಳ್ಳುತ್ತಿರುತ್ತದೆ. ಪಾಪ ಅನ್ನಿಸಿ ಚಿಪ್ಪು ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಮುಚ್ಚಳವನ್ನೂ ತೆಗೆಯಬೇಡಿ. ಒಂದು ಸಲ ತೆಗೆದರೆ ತೇವವೆಲ್ಲ ಹೋಗಿ ಉಳಿದ ಮರಿಗಳ ಪೊರೆ ಒಣಗುತ್ತದೆ. ಮೊದಲು ಬಂದ ಮರಿ ಒಳಗೇ ಒಂದು ದಿನ ಇದ್ದರೂ ಏನೂ ಆಗುವುದಿಲ್ಲ, ಹೊಟ್ಟೆಯಲ್ಲಿ ಹಳದಿ ಇರುತ್ತದೆ.

24 ಗಂಟೆ ದಾಟಿ, ಪೊರೆ ಕಾಗದದಂತೆ ಒಣಗಿ ಕಂದಾಗಿದ್ದು, ಮರಿ ಇನ್ನೂ ಕೂಗುತ್ತಿದ್ದರೆ ಮಾತ್ರ ಕೈ ಹಾಕಿ. ಹತ್ತಿಯನ್ನು ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿ ಪೊರೆ ನೆನೆಸಿ. ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಚಿಪ್ಪನ್ನು ಚೂರು ಚೂರೇ ಬಿಡಿಸಿ. ರಕ್ತದ ಒಂದು ಹನಿ ಕಂಡರೂ ನಿಲ್ಲಿಸಿ, ವಾಪಸ್ ಇಡಿ.

ಮರಿ ಬೇಗ ಬಂತು, ಅಥವಾ ತಡವಾಯಿತು

ಎಲ್ಲವೂ 20ನೇ ದಿನಕ್ಕೆ ಮೊದಲೇ ಬಂದು ಹೊಕ್ಕುಳು ಸರಿಯಾಗಿ ಮುಚ್ಚಿಲ್ಲ ಅಂದರೆ ಕಾವು ಜಾಸ್ತಿ. 22, 23ಕ್ಕೆ ಎಳೆದರೆ ಕಾವು ಕಡಿಮೆ. ಮುಂದಿನ ಸಲ 0.3 ಡಿಗ್ರಿ ಮಾತ್ರ ಬದಲಿಸಿ. ಒಂದೇ ಪೆಟ್ಟಿಗೆಯಲ್ಲಿ ಮೂರು ದಿನ ಚದುರಿ ಬಂದರೆ ಮೂಲೆಗಳಲ್ಲಿ ಕಾವು ಒಂದೇ ಸಮ ಇಲ್ಲ, ಫ್ಯಾನ್ ಧೂಳು ಒರೆಸಿ, ತಿರುಗಿಸುವಾಗ ಮೊಟ್ಟೆಗಳ ಜಾಗವನ್ನೂ ಬದಲಿಸುತ್ತಾ ಇರಿ. ಮರಿಗಳ ಕಾಲು ಎರಡು ಕಡೆ ಜಾರಿದ್ದರೆ ನೆಲ ನುಣುಪಾಗಿದೆ. ಪೇಪರ್ ತೆಗೆದು ಒರಟು ಬಟ್ಟೆ ಹಾಸಿ.

ವಾಸನೆ ಬರುತ್ತಿದೆ, ಚಿಪ್ಪಿನ ಮೇಲೆ ಜಿನುಗು

ಕೊಳೆತ ಮೊಟ್ಟೆ ಒಳಗೇ ಸಿಡಿದರೆ ಪಕ್ಕದ ಒಳ್ಳೆಯ ಮೊಟ್ಟೆಗಳಿಗೂ ಸೋಂಕು ತಗಲುತ್ತದೆ. ಒಂದೊಂದನ್ನೇ ಮೂಸಿ ನೋಡಿ. ಜಿನುಗುವುದನ್ನು ಅಲ್ಲಾಡಿಸದೆ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಅದರೊಳಗೇ ಸುತ್ತಿ ಹೊರಗೆ ಒಯ್ಯಿರಿ.

ದಿನ ತಿಳಿಯಲು ಒಡೆದು ನೋಡುವುದೂ ಮನೆಯ ಹೊರಗೇ ಆಗಬೇಕು. 23ನೇ ದಿನ ಕಳೆದ ಮೇಲೆ, ಟಾರ್ಚಿನಲ್ಲಿ ಚಲನೆ ಇಲ್ಲ ಅಂತ ಖಚಿತ ಮಾಡಿಕೊಂಡು, ಮಾಸ್ಕ್ ಮತ್ತು ಗ್ಲೌಸ್ ಹಾಕಿ ದಪ್ಪ ತುದಿಯಿಂದ ಒಡೆಯಿರಿ. ಕಣ್ಣು ಮಾತ್ರ ಇದ್ದರೆ ಮೊದಲ ವಾರ. ಮೈಮೇಲೆ ತುಪ್ಪಳ ಇದ್ದರೆ ಎರಡನೇ ವಾರ ದಾಟಿದೆ. ಪೂರ್ತಿ ಬೆಳೆದು ಹಳದಿ ಇನ್ನೂ ಹೊಟ್ಟೆಯ ಹೊರಗಿದ್ದರೆ 19ಕ್ಕೆ ಮುಂಚೆ. ಕೊಕ್ಕು ಗಾಳಿ ಕೋಣೆಗೆ ಚುಚ್ಚಿದ್ದರೆ 20ನೇ ದಿನ. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಮಕ್ಕಳಿಗೂ ವಯಸ್ಸಾದವರಿಗೂ ಬೇಗ ತಗಲುತ್ತದೆ. ಕಾವಿಗೆ ಇಟ್ಟು ತೆಗೆದ ಮೊಟ್ಟೆಯನ್ನು ತಿನ್ನಬೇಡಿ. ಆಳವಾಗಿ ಹೂತುಬಿಡಿ, ನಾಯಿ ಕೆದಕಬಾರದು.

ಯಾವಾಗ ಬೇರೆಯವರನ್ನು ಕೇಳಬೇಕು

ಥರ್ಮಾಮೀಟರ್, ತೂಕ, ತಿರುಗಿಸುವುದು ಮೂರೂ ಸರಿ ಇದ್ದು ಸತತ ಎರಡು ಬ್ಯಾಚ್ ಹೋದರೆ ದೋಷ ಪೆಟ್ಟಿಗೆಯಲ್ಲಿಲ್ಲ, ಕೋಳಿಗಳಲ್ಲಿದೆ. ಹುಟ್ಟಿದ ಮರಿಗಳು ಮೊದಲ ವಾರದಲ್ಲೇ ಬಿಳಿ ಭೇದಿ ಆಗಿ ಸಾಯುತ್ತಿದ್ದರೂ ತಡ ಮಾಡಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಅಥವಾ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಸತ್ತ ಮರಿಯನ್ನು ಎರಡು ಕವರಿನಲ್ಲಿ ಕಟ್ಟಿ, ಐಸ್ ಜೊತೆ ಅವತ್ತೇ ತೆಗೆದುಕೊಂಡು ಹೋಗಿ. ಫ್ರೀಜರಿನಲ್ಲಿ ಗಟ್ಟಿ ಮಾಡಿದರೆ ಪರೀಕ್ಷೆಗೆ ಕಷ್ಟ. ಜೊತೆಗೆ ನಿಮ್ಮ ತೂಕದ ಪಟ್ಟಿ, ಕಾವಿನ ಪಟ್ಟಿ, ಎಷ್ಟನೇ ದಿನ ಎಷ್ಟು ಸತ್ತವು ಅನ್ನುವ ಲೆಕ್ಕ ಇರಲಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ತೋಟದಲ್ಲಿ ನವಿಲಿನ ಮೊಟ್ಟೆಯೋ ಇನ್ಯಾವುದೋ ಕಾಡು ಹಕ್ಕಿಯ ಮೊಟ್ಟೆಯೋ ಸಿಕ್ಕಿತು ಅಂತ ಪೆಟ್ಟಿಗೆಗೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಗೂಡಿನಲ್ಲಿದ್ದರೆ ಹಾಗೇ ಬಿಡಿ, ತಾಯಿ ಹಕ್ಕಿ ಹತ್ತಿರದಲ್ಲೇ ಇರುತ್ತದೆ. ಮರ ಕಡಿದು ಗೂಡು ಬಿದ್ದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.